ಅರುಂಧತಿಯ ಹದಿನಾರು ಪುಟ

ಸಿಡ್ನಿಯ ಹೊರವಲಯದ ಟೂಂಗಾಬಿಯ ಅರುಂಧತಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ಮದುವೆಯಾದ ಹೊಸತರಲ್ಲಿ ಮೈಸೂರಿನ ಮನೆಯಲ್ಲಿ ಅವಳು ಮಾಡಿದ ಸಾರನ್ನು ನಾದಿನಿಯೊಬ್ಬಳು ನೆಂಟರೆದುರು ಆಡಿಕೊಂಡಿದ್ದಳು. ಹನ್ನೊಂದು ವರ್ಷ ಕಳೆದು, ಸಿಡ್ನಿಯಿಂದ ರಜಕ್ಕೆ ಹೋದಾಗ, ಅದೇ ನಾದಿನಿಯ ಮನೆಯ ಪಂಕ್ತಿಯಲ್ಲಿ, ಅದೇ ನೆಂಟರೆದುರು, ಅದೇ ಮಾತನ್ನು ನಗುನಗುತ್ತ ಹಿಂದಿರುಗಿಸಿ ಬಂದಳು. ಗಂಡ ಲಕ್ಷ್ಮೀಶ ಇಂಜಿನಿಯರು, ಸಾಧು ಮನುಷ್ಯ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಾ ಎಂದು ಅವನು ಬೆರಗಾಗಿ ಕೇಳಿದ್ದಕ್ಕೆ, ಅವಳ ಕೈಯಡುಗೆ ಉಣ್ಣುವ ಯೋಗ ಇವತ್ತೇ ತಾನೇ ಬಂದದ್ದು ಎಂದಳಂತೆ.

ಇಂಥವಳ ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗೆ. ತೊಂಬತ್ತರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದಲ್ಲಿ ಕನ್ನಡ ಅಚ್ಚು ಹಾಕಿಕೊಡುವವರು ಎಲ್ಲಿದ್ದರು? ಸಿಡ್ನಿ, ಮೆಲ್ಬರ್ನ್ ಎರಡೂ ಊರಿನ ಕನ್ನಡದವರು ಸೇರಿ ಮೂರು ತಿಂಗಳಿಗೊಮ್ಮೆ ‘ಓಲೆ’ ಅನ್ನುವ ಪತ್ರಿಕೆ ತರುತ್ತಿದ್ದರು. ಸಂಪಾದಕರು ಮೆಲ್ಬರ್ನಿನಿಂದ ಲೇಖನಗಳ ಕಟ್ಟನ್ನು ಅಂಚೆಯಲ್ಲಿ ಕಳಿಸುವರು. ಅರುಂಧತಿ ಅದನ್ನೆಲ್ಲ ಕಪ್ಪು ಇಂಕಿನಲ್ಲಿ ದುಂಡಗೆ ನಕಲು ಮಾಡಿ, ಮನೆ ಹತ್ತಿರದ ಪ್ಯಾರಮಟ್ಟಾದ ಅಂಗಡಿಯಲ್ಲಿ ನಾನೂರು ಫೋಟೋಕಾಪಿ ತೆಗೆಸಿ, ಪಿನ್ನು ಹೊಡೆದು ಮನೆಮನೆಗೆ ಕಳಿಸುವಳು. ಆರು ವರ್ಷ ಹೀಗೆ ಊರಿನವರ ಪ್ರವಾಸಕಥನ, ಕವನ, ಬಿಸಿಬೇಳೆಬಾತಿನ ವಿಧಾನ, ಶ್ರದ್ಧಾಂಜಲಿ ಎಲ್ಲವೂ ಅವಳ ಬೆರಳಿನ ಮೇಲೆ ಹಾದು ಹೋದವು. ಕೊನೆಯ ಪುಟದ ಅಡಿಯಲ್ಲಿ ‘ಕೈಬರಹ: ಅ.ಲ.’ ಎಂದಿರುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ಸಂಪಾದಕರು ಡಾಕ್ಟರ್ ಭಾಸ್ಕರ. ವೆರಿಬೀಯಲ್ಲಿ ಮನೆ, ಮೆಲ್ಬರ್ನಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ. ಆಗೀಗ ಅಲ್ಲಿಯ ಇಂಗ್ಲಿಷ್ ಪತ್ರಿಕೆಯ ಕಲಾ ಪುಟದಲ್ಲಿ ಬರೆಯುತ್ತಿದ್ದರಾದ್ದರಿಂದ ನಮ್ಮವರಿಗೆಲ್ಲ ಅವರನ್ನು ಕಂಡರೆ ಭಯಭಕ್ತಿ. ಯಾವ ಸಮಾರಂಭವಾದರೂ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ, ಪಕ್ಕದಲ್ಲಿ ಹೆಂಡತಿ ಭಾಗೀರಥಿಗೆ ಒಂದು. ಆಕೆ ಮಾತಾಡಿದ್ದನ್ನು ಕೇಳಿದವರು ಕಡಿಮೆ.

ತೊಂಬತ್ತೊಂದರ ಏಪ್ರಿಲಿನಿಂದ ಪ್ರತಿ ಶುಕ್ರವಾರ ಸಂಜೆ ಟಿವಿಯಲ್ಲಿ ‘ಎಲ್ಲರ್ಬಿ ಅಂಡ್ ಸನ್ಸ್’ ಬರತೊಡಗಿತು. ಇಂಗ್ಲೆಂಡಿನ ಯಾರ್ಕ್‌ಷೈರಿನ ಉಣ್ಣೆ ಗಿರಣಿಯ ಕುಟುಂಬ. ಯಜಮಾನ ಸತ್ತಿದ್ದಾನೆ, ಅಮ್ಮ ವಿನಿಫ್ರೆಡ್ ಇದ್ದಾಳೆ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಗಿರಣಿ ಯಾರಿಗೆ ಎಂಬುದು ಕಥೆ. ಅದರಲ್ಲಿ ಬೆಳ್ಳನೆಯ ಮುಖಗಳು ಮಾತ್ರ ಬೇರೆ, ಮಿಕ್ಕಿದ್ದೆಲ್ಲ ನಮ್ಮ ಮನೆಯದೇ. ಶನಿವಾರ ಬೆಳಗಾದರೆ ಟೂಂಗಾಬಿಯಿಂದ ವೆರಿಬೀವರೆಗೆ ಫೋನಿನಲ್ಲಿ ಅದೇ ಮಾತು.

ಪತ್ರಿಕೆಗಳ ವಿಮರ್ಶಕರೂ ಬರೆದರು. ಸಿಡ್ನಿಯವನೊಬ್ಬ ಇದು ಟೀ ಕುಡಿಯುವವರ ಸೀರಿಯಲ್ಲು, ನಿದ್ದೆ ಬಾರದವರು ನೋಡಿ ಎಂದು ಕೈತೊಳೆದುಕೊಂಡ. ಮೆಲ್ಬರ್ನಿನವನು ವಿನಿಫ್ರೆಡ್ ಈ ಕಥೆಯ ಬೆಚ್ಚನೆಯ ಒಲೆ ಎಂದ. ಇಂಗ್ಲೆಂಡಿನ ಪತ್ರಿಕೆಗಳು ಆಕೆಯನ್ನು ಇಡೀ ದೇಶದ ಅಜ್ಜಿ ಎಂದು ಕೊಂಡಾಡಿದ ಸುದ್ದಿಯೂ ಬಂತು. ಅರುಂಧತಿ ಒಂದೊಂದನ್ನೂ ಕತ್ತರಿಸಿಟ್ಟುಕೊಂಡು ಓದಿದಳು, ಓದಿ ಕುದ್ದುಹೋದಳು. ಇವರು ಯಾರಾದರೂ ಒಂದು ದಿನ ಸೊಸೆಯಾಗಿ ಬದುಕಿದ್ದಾರೆಯೇ?

ಅವಳ ಕಣ್ಣಿಗೆ ಬಿದ್ದದ್ದೇ ಬೇರೆ. ಪ್ರತಿ ಕಂತಿನಲ್ಲೂ ವಿನಿಫ್ರೆಡ್ ಮನೆಮಂದಿಗೆಲ್ಲ ಟೀ ಬಗ್ಗಿಸುತ್ತಾಳೆ. ದನಿ ಏರಿಸುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಆದರೆ ಕೊನೆಯ ಕಪ್ಪು ಯಾರಿಗೆ ಸಿಗುತ್ತದೋ, ಆ ಕಂತು ಮುಗಿಯುವುದರೊಳಗೆ ಅವರ ಕೈಯಿಂದ ಏನೋ ಒಂದು ಜಾರಿರುತ್ತದೆ: ಮನೆ, ಕೆಲಸ, ಮರ್ಯಾದೆ. ಅರುಂಧತಿ ಐದು ಕಂತು ಪರೀಕ್ಷೆ ಮಾಡಿದಳು, ಐದೂ ತಪ್ಪಲಿಲ್ಲ. ಪಂಕ್ತಿಯಲ್ಲಿ ಕೊನೆಗೆ ಬಡಿಸಿಕೊಂಡು ತಳದ ಸಾರು ಉಂಡವಳಿಗಲ್ಲದೆ ಇದು ಇನ್ಯಾರಿಗೆ ಕಾಣಬೇಕು? ಅದು ಒಲೆಯಲ್ಲ, ಆ ಮುದುಕಿ ಸಿಂಹಾಸನದ ಮೇಲೆ ಕೂತಿದ್ದಾಳೆ ಎಂದು ಅವಳಿಗೆ ಖಚಿತವಾಯಿತು.

ಆರನೆಯ, ಅಂದರೆ ಕಡೆಯ ಕಂತಿನ ದಿನ ಗೆಳತಿ ಸಾವಿತ್ರಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೋಗದಿದ್ದರೆ ಆಗದು. ಲಕ್ಷ್ಮೀಶ ವಿಸಿಆರ್‌ಗೆ ಟೈಮರ್ ಹಾಕಿ ಹೊರಟ. ಅವನಿಗೆ ಹೊಸ ಕ್ಯಾಸೆಟ್ ಕೊಳ್ಳುವುದೆಂದರೆ ಆಗದು, ಹಳೆಯದರ ಮೇಲೇ ಮತ್ತೆ ಮತ್ತೆ ತುಂಬಿಸುತ್ತಿದ್ದ. ಮಾರನೆಯ ದಿನ ಅರುಂಧತಿ ಒಬ್ಬಳೇ ಕೂತು ನೋಡಿದಳು. ಗಿರಣಿ ಕಿರಿಯ ಮಗನ ಪಾಲಾಯಿತು, ಎಲ್ಲರೂ ಎದ್ದು ಹೋದರು. ಪರದೆ ಒಂದು ಸಲ ಅದುರಿತು. ಆಮೇಲೆ ಒಂದು ಅಡುಗೆಮನೆ, ಕಿಟಕಿಗೆ ನೀಲಿ ಚೌಕಳಿಯ ಪರದೆ, ನಮಗೆ ಬೆನ್ನು ಮಾಡಿ ನಿಂತ ಬಿಳಿಗೂದಲ ಮುದುಕಿ. ಅವಳು ಟೀಪಾಟನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಅರುಂಧತಿಗೆ ಮೈ ಜುಮ್ಮೆಂದಿತು. ಹಿಂದೆಯೇ ಜಾಹೀರಾತು ಶುರುವಾಯಿತು, ಅವಳು ಟೇಪು ನಿಲ್ಲಿಸಿದಳು. ತನ್ನ ವಾದಕ್ಕೆ ಬೇಕಾದದ್ದೇ ಕಣ್ಣೆದುರು ಬಂದರೆ ಯಾರು ತಾನೇ ಎರಡನೆಯ ಸಲ ನೋಡುತ್ತಾರೆ?

ಒಂದು ವಾರ ಕೂತು ಹದಿನಾರು ಪುಟ ಬರೆದಳು. ಬದುಕಿನಲ್ಲಿ ಮೊದಲ ಸಲ ಬೇರೆಯವರದ್ದನ್ನಲ್ಲ, ತನ್ನದನ್ನು. ಕೊನೆಯ ಕಪ್ಪು, ಸಿಂಹಾಸನ, ಕಡೆಗೆ ಟೀಪಾಟು ಒಡೆದು ತನ್ನ ರಾಜ್ಯವನ್ನು ತಾನೇ ಮುಗಿಸಿದ ಮುದುಕಿ. ಓಲೆಯ ಕೆಲಸಕ್ಕಾಗಿ ಊರಿಡೀ ಬರೆದದ್ದನ್ನು ನಕಲು ಮಾಡುತ್ತಿದ್ದವಳು ತನ್ನದಕ್ಕೊಂದು ನಕಲು ಇಟ್ಟುಕೊಳ್ಳದೆ ವೆರಿಬೀಗೆ ಕಳಿಸಿಬಿಟ್ಟಳು. ಎರಡು ವಾರದ ಮೇಲೆ ಸಂಪಾದಕರ ಫೋನು ಬಂತು. ಬರವಣಿಗೆ ಚೆನ್ನಾಗಿದೆಯಮ್ಮ, ಆದರೆ ಇದು ವಿಮರ್ಶೆ ಅಲ್ಲ, ಅಡುಗೆಮನೆ ಮಾತು, ವಿಮರ್ಶೆಗೆ ಒಂದು ಶಿಸ್ತು ಇರುತ್ತದೆ ಎಂದು ಹತ್ತು ನಿಮಿಷ ತಿಳಿಹೇಳಿದರು. ಅರುಂಧತಿ ಹೂಂ ಸರ್, ಹೂಂ ಸರ್ ಎಂದು ಕೇಳಿಸಿಕೊಂಡಳು. ಹಸ್ತಪ್ರತಿ ವಾಪಸು ಕೇಳಲು ನಾಚಿಕೆಯಾಯಿತು.

ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಬೇಸಿಗೆ, ಆ ರಜೆಯಲ್ಲಿ ಟಿವಿಯವರು ಆರೂ ಕಂತನ್ನು ಮರುಪ್ರಸಾರ ಮಾಡಿದರು. ಕಡೆಯ ಕಂತು ಮುಗಿಯಿತು, ಹೆಸರುಗಳು ಮೇಲೇರಿದವು, ಟೀಪಾಟು ಒಡೆಯಲೇ ಇಲ್ಲ. ಅರುಂಧತಿ ಎದ್ದು ಹಳೆಯ ಕ್ಯಾಸೆಟ್ ಹಾಕಿ ನೋಡಿದಳು. ಟೈಮರು ಎರಡು ನಿಮಿಷ ಮೊದಲೇ ನಿಂತಿತ್ತು. ಅದರ ಕೆಳಗೆ ಯಾವತ್ತೋ ತುಂಬಿಸಿದ್ದ ಬೇರಾವುದೋ ಚಾನೆಲ್ಲಿನ ಬೇರಾವುದೋ ನಾಟಕದ ತುಣುಕು ಉಳಿದುಕೊಂಡಿತ್ತು. ಎಲ್ಲರ್ಬಿ ಬರುತ್ತಿದ್ದ ಚಾನೆಲ್ಲಿನಲ್ಲಿ ಜಾಹೀರಾತೇ ಇಲ್ಲ ಎಂಬುದು ಆಗ ಹೊಳೆಯಿತು. ಅವಳಿಗೆ ಮುಖ ಮುಚ್ಚಿಕೊಳ್ಳುವಷ್ಟು ಅವಮಾನವಾಯಿತು. ಸದ್ಯ, ಅಚ್ಚಾಗಲಿಲ್ಲವಲ್ಲ ಎಂದು ಭಾಸ್ಕರ ಅವರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಏಪ್ರಿಲಿನಲ್ಲಿ ಎಲ್ಲರ್ಬಿಯ ಎರಡನೆಯ ಸರಣಿ ಶುರುವಾಗುವ ವಾರ ಮೆಲ್ಬರ್ನಿನ ಪತ್ರಿಕೆಯ ಕಲಾ ಪುಟದಲ್ಲಿ ಅರ್ಧ ಪುಟದ ಲೇಖನ ಬಂತು. ಲೇಖಕ ಡಾಕ್ಟರ್ ಭಾಸ್ಕರ. ವಿಮರ್ಶಕರೆಲ್ಲ ವಿನಿಫ್ರೆಡ್ಡಳನ್ನು ತಪ್ಪು ಓದಿದ್ದಾರೆ, ಆಕೆ ಒಲೆಯಲ್ಲ, ಸಿಂಹಾಸನ. ಕೊನೆಯ ಕಪ್ಪು ಯಾರಿಗೆ ಸಿಗುತ್ತದೆ ನೋಡಿ. ಕೊನೆಯ ಪ್ಯಾರಾದಲ್ಲಿ ನೀಲಿ ಚೌಕಳಿಯ ಪರದೆ, ಬೆನ್ನು ಮಾಡಿ ನಿಂತ ಮುದುಕಿ, ನೆಲಕ್ಕೆ ಬಿದ್ದ ಟೀಪಾಟು.

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಮನಸ್ಸಿನಲ್ಲಿ ಬಹುವಚನ ಕೊಡಲು ಅರುಂಧತಿ ಒಪ್ಪಲಿಲ್ಲ, ನಾವೂ ಕೊಡುವುದು ಬೇಡ.

ಅವಳು ಆ ಪುಟವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ಸಲ ಓದಿದಳು. ಮೊದಲ ಸಲ ಲೇಖಕನ ಹೆಸರನ್ನೇ ಮತ್ತೆ ಮತ್ತೆ ನೋಡಿದಳು. ಎರಡನೆಯ ಸಲ ಕಣ್ಣಲ್ಲಿ ನೀರು ಬಂತು. ಮೂರನೆಯ ಸಲ ಕೊನೆಯ ಪ್ಯಾರಾಕ್ಕೆ ಬಂದಾಗ ನಗು ಬಂತು, ಒಳ್ಳೆಯ ನಗುವಲ್ಲ. ಕಳ್ಳ ಒಡವೆಯ ಜೊತೆಗೆ ಗಿಲೀಟನ್ನೂ ಹೊತ್ತುಕೊಂಡು ಹೋಗಿದ್ದ. ಸೀರಿಯಲ್ಲನ್ನು ಅವನು ಪೂರ್ತಿ ನೋಡಿಯೇ ಇರಲಿಲ್ಲ.

ಮುಂದಿನ ವಾರ ಓದುಗರೊಬ್ಬರು ಪತ್ರಿಕೆಗೆ ಬರೆದು, ಟೀಪಾಟು ಯಾವಾಗ ಒಡೆಯಿತು ಸ್ವಾಮಿ ಎಂದು ಕೇಳಿದರು. ಭಾಸ್ಕರ ಜಗ್ಗಲಿಲ್ಲ. ಡಿಸೆಂಬರಿನಲ್ಲಿ ಕಾನ್ಫರೆನ್ಸಿಗೆಂದು ಲಂಡನ್ನಿಗೆ ಹೋಗಿದ್ದೆ, ಅಲ್ಲಿ ಕತ್ತರಿ ಬೀಳದ ಪೂರ್ಣ ಆವೃತ್ತಿ ನೋಡಿದೆ, ಆಸ್ಟ್ರೇಲಿಯಾದವರು ಆ ದೃಶ್ಯವನ್ನು ಕತ್ತರಿಸಿದ್ದಾರೆ ಎಂದು ಉತ್ತರ ಕೊಟ್ಟ. ಎಲ್ಲರೂ ನಂಬಿದರು. ಅಷ್ಟೇ ಅಲ್ಲ, ಲೇಖನವನ್ನು ಲಂಡನ್ನಿನ ಮಾತೂ ಸೇರಿಸಿ ಕನ್ನಡಕ್ಕೆ ಮಾಡಿ ಓಲೆಗೆ ಕಳಿಸಿದ. ನಕಲು ಮಾಡಬೇಕಾದವಳು ಯಾರು? ಅರುಂಧತಿಯೇ.

ಸಾವಿತ್ರಿಯ ಹತ್ತಿರ ಹೇಳಿಕೊಂಡಳು. ಇಬ್ಬರಿಗೂ ಒಂದೇ ಥರ ಹೊಳೆದಿರಬಹುದಲ್ವೇನೆ, ಅಷ್ಟು ದೊಡ್ಡೋರು ಯಾಕೆ ಕದೀತಾರೆ ಎಂದು ಅವಳು ಸಮಾಧಾನ ಮಾಡಿದಳು. ಲಕ್ಷ್ಮೀಶ, ಬಿಡು, ಪರದೇಶದಲ್ಲಿ ಇರೋರೇ ನಾಲ್ಕು ಜನ ಎಂದ. ಅರುಂಧತಿ ಯಾರ ಹತ್ತಿರವೂ ಜಗಳಕ್ಕೆ ಹೋಗದೆ ಕೂತು ನಕಲು ಮಾಡಿದಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಲಂಡನ್ನಿನ ಸಾಲನ್ನಂತೂ ಇನ್ನಷ್ಟು ದುಂಡಗೆ ಬರೆದಳು. ನಾನೂರು ಮನೆಯವರೂ ಅದನ್ನು ಚೆನ್ನಾಗಿ ಓದಲಿ ಎಂದೇ ಅವಳ ಆಸೆ.

ನವೆಂಬರಿನಲ್ಲಿ ರಾಜ್ಯೋತ್ಸವ, ಆ ವರ್ಷ ಮೆಲ್ಬರ್ನಿನ ಸರದಿ. ವೆರಿಬೀ ಹತ್ತಿರದ ಒಂದು ಶಾಲೆಯ ಹಾಲ್. ‘ಟಿವಿಯನ್ನು ಓದುವ ಬಗೆ’ ಎಂದು ಡಾಕ್ಟರ್ ಭಾಸ್ಕರನ ಉಪನ್ಯಾಸ. ತುಣುಕು ತೋರಿಸಲು ವೇದಿಕೆಯ ಮೇಲೆ ಟಿವಿ, ವಿಸಿಆರು. ಅರುಂಧತಿ ಹನ್ನೊಂದು ಗಂಟೆಯ ಕಾರಿನ ದಾರಿಯುದ್ದಕ್ಕೂ ಕ್ಯಾಸೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅದನ್ನು ಹಾಕಿದರೆ ತನ್ನ ದಡ್ಡತನವೂ ಬಯಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜನರೆದುರು ನಗೆಪಾಟಲಾಗುವುದೆಂದರೆ ಸಾಯುವಷ್ಟು ಹೆದರುವ ಹೆಂಗಸು. ಆದರೆ ಅವನೊಬ್ಬನೇ ಬೀಳುವ ದಾರಿ ಯಾವುದೂ ಉಳಿದಿರಲಿಲ್ಲ. ಬೀಳುವುದಾದರೆ ಇಬ್ಬರೂ ಬೀಳೋಣ ಎಂದು ತೀರ್ಮಾನಿಸಿಯೇ ಹೊರಟಿದ್ದಳು.

ಉಪನ್ಯಾಸ ಮುಗಿದು ಚಪ್ಪಾಳೆ ನಿಂತ ಮೇಲೆ ಅವಳು ಎದ್ದಳು. ಓಲೆ ಬರೆಯುವ ಅರುಂಧತಿ, ಸಿಡ್ನಿಯವಳು ಎಂದು ಪರಿಚಯ ಹೇಳಿಕೊಂಡು, ಟೀಪಾಟು ಒಡೆಯುವ ದೃಶ್ಯವನ್ನು ನಾವ್ಯಾರೂ ನೋಡಿಲ್ಲ, ನೀವು ನೋಡಿದ್ದೆಲ್ಲಿ ಎಂದು ವಿನಯದಿಂದ ಕೇಳಿದಳು.

“ಲಂಡನ್ನಲ್ಲಿ ಕಣಮ್ಮ. ಫುಲ್ ವರ್ಷನ್,” ಅಂದ ಭಾಸ್ಕರ. “ಇಲ್ಲಿಯವರಿಗೆ ಅದರ ಬೆಲೆ ಗೊತ್ತಾಗಲಿಲ್ಲ, ಕಟ್ ಮಾಡ್ಬಿಟ್ರು.”

ಅರುಂಧತಿ ಮುಂದೆ ನಡೆದು, ನನ್ನ ಹತ್ತಿರ ಒಂದು ಟೇಪಿದೆ ಸರ್, ಇದೇ ದೃಶ್ಯವೋ ಏನೋ ನೋಡಿ ಹೇಳುತ್ತೀರಾ ಎಂದು ಕ್ಯಾಸೆಟ್ ತೂರಿಸಿದಳು. ಎಲ್ಲರ್ಬಿಯವರು ಎದ್ದು ಹೋದರು, ಪರದೆ ಅದುರಿತು, ಅಡುಗೆಮನೆ ಬಂತು. ನೀಲಿ ಚೌಕಳಿ ಕಂಡದ್ದೇ ಭಾಸ್ಕರನ ಮುಖ ಅರಳಿತು. ತಾನು ಬರೆದಾಗಿದ್ದ, ಆದರೆ ಕಂಡೇ ಇರದ ದೃಶ್ಯ ನಿಜವಾಗಿಯೂ ಇತ್ತು! ಟೀಪಾಟು ನೆಲಕ್ಕೆ ಬಿದ್ದಾಗ ಅವನು ಸಭೆಯ ಕಡೆ ತಿರುಗಿ ಎರಡೂ ಕೈ ಚಾಚಿದ.

“ಇದೇ. ನಾನು ಲಂಡನ್ನಲ್ಲಿ ನೋಡಿದ್ದು ಇದೇ.”

ಅರುಂಧತಿ ಟೇಪು ನಿಲ್ಲಿಸಲಿಲ್ಲ. ಜಾಹೀರಾತು ಶುರುವಾಯಿತು. ಪ್ಯಾರಮಟ್ಟಾದ ಕಾರ್ಪೆಟ್ ಅಂಗಡಿಯವನೊಬ್ಬ ಕಾರ್ಪೆಟ್ಟಿನ ಸುರುಳಿಯ ಮೇಲೆ ಹತ್ತಿ ನಿಂತು, ಈ ವಾರ ಮಾತ್ರ, ಸ್ಟೇಷನ್ ಎದುರಿಗೇ ಬನ್ನಿ ಎಂದು ಕೂಗಿದ. ಸಿಡ್ನಿಯಿಂದ ಬಂದಿದ್ದವರು ಮೊದಲು ನಕ್ಕರು. ಆಮೇಲೆ ಮೆಲ್ಬರ್ನಿನವರು. ಮುಂದಿನ ಸಾಲಿನಲ್ಲಿ ಭಾಗೀರಥಿ ಒಬ್ಬರೇ ನಗದೆ ಟಿವಿಯನ್ನೇ ನೋಡುತ್ತಿದ್ದರು.

ನಗು ಇಳಿಯುವವರೆಗೆ ಅರುಂಧತಿ ಕಾದಳು. ಇದು ನಮ್ಮ ಮನೆಯ ಟೇಪಿನ ಬಾಲ, ಎಲ್ಲರ್ಬಿಗೂ ಇದಕ್ಕೂ ಸಂಬಂಧವಿಲ್ಲ, ಇದು ಯಾವ ನಾಟಕವೋ ನನಗೇ ಗೊತ್ತಿಲ್ಲ ಎಂದಳು. ಇದನ್ನು ಎಲ್ಲರ್ಬಿಯದ್ದೇ ಎಂದು ತಿಳಿದು ಲೇಖನ ಬರೆದ ದಡ್ಡಿ ನಾನು. ಆ ಲೇಖನ ಹೋದದ್ದು ಒಂದೇ ಮನೆಗೆ. ಇಷ್ಟು ಹೇಳಿ ಕ್ಯಾಸೆಟ್ ತೆಗೆದುಕೊಂಡು ಬಂದು ಕೂತಳು. ಹೊಟ್ಟೆ ತಣ್ಣಗಾಗಿತ್ತು.

ತಣ್ಣಗಾದದ್ದು ಸ್ವಲ್ಪವೇ. ಕನ್ನಡದವರಿಗೆ ಗೊತ್ತಾದರೆ ಏನು ಬಂತು, ಅವನು ಕದ್ದು ಮಾರಿದ್ದು ಇಂಗ್ಲಿಷಿನಲ್ಲಿ. ಅವಳು ಆ ಪತ್ರಿಕೆಗೆ ಎರಡು ಪುಟದ ಕಾಗದ ಬರೆದಳು. ಪತ್ರಿಕೆಯವರು ಭಾಸ್ಕರನನ್ನು ಕೇಳಿದರು. ಡಿಸೆಂಬರಿನ ಒಂದು ಬೆಳಿಗ್ಗೆ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು: ಏಪ್ರಿಲ್ ಲೇಖನದಲ್ಲಿನ ಟೀಪಾಟ್ ದೃಶ್ಯದ ವಿವರಣೆ ತಪ್ಪು, ಸಿಡ್ನಿಯ ವೀಕ್ಷಕಿ ಶ್ರೀಮತಿ ಅರುಂಧತಿ ಲಕ್ಷ್ಮೀಶ ಅವರ ಟಿಪ್ಪಣಿಯಿಂದ ಈ ತಪ್ಪು ನುಸುಳಿದೆ, ಲೇಖಕರು ವಿಷಾದಿಸುತ್ತಾರೆ.

ಎಷ್ಟು ಚುರುಕು ನೋಡಿ. ಸಾವಿರ ಮಾತಿನ ಲೇಖನದಲ್ಲಿ ತಪ್ಪು ಒಂದಿತ್ತು, ಆ ಒಂದನ್ನು ಮಾತ್ರ ಅವಳ ಹೆಸರಿಗೆ ಬರೆದುಕೊಟ್ಟ. ಸಾವಿತ್ರಿ ಫೋನು ಮಾಡಿ ಅತ್ತೇಬಿಟ್ಟಳು, ಪೇಪರಲ್ಲಿ ಹೆಸರು ಬಂತು ಅಂದರೆ ಹೀಗಾ ಬರೋದು ಎಂದು. ಲಕ್ಷ್ಮೀಶ ಆವತ್ತು ಆಫೀಸಿಗೆ ರಜ ಹಾಕಿ ಮನೆಯಲ್ಲೇ ಕೂತ. ಅರುಂಧತಿ ಆ ನಾಲ್ಕು ಸಾಲನ್ನು ಮಧ್ಯಾಹ್ನದವರೆಗೂ ಓದಿದಳು. ಆಮೇಲೆ ವೆರಿಬೀಗೆ ಫೋನು ಮಾಡಿದಳು. ಎತ್ತಿದವರು ಭಾಗೀರಥಿ, ಮಾತಿಲ್ಲದೆ ಗಂಡನಿಗೆ ಕೊಟ್ಟರು.

“ತಪ್ಪು ನನ್ನ ಟಿಪ್ಪಣಿಯಿಂದ ಬಂತು ಅಂತ ಹಾಕಿಸಿದೀರಿ. ಒಪ್ಕೊಂಡೆ,” ಅಂದಳು ಅರುಂಧತಿ. “ಆ ಟಿಪ್ಪಣಿಯಿಂದ ಇನ್ನೇನೇನು ಬಂತು ಸರ್?”

ಭಾಸ್ಕರ, ಅಂಥ ಟಿಪ್ಪಣಿ ಈಗ ನನ್ನ ಹತ್ತಿರ ಇಲ್ಲ, ಯಾವತ್ತೋ ಕಸಕ್ಕೆ ಹೋಯಿತು, ಇದ್ದರೆ ತಾನೇ ನೀವು ತೋರಿಸೋದು ಎಂದ. ಅದು ನಿಜವೇ. ಕೈಯಲ್ಲಿ ಕಾಗದವಿಲ್ಲದೆ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಆ ಬೇಸಿಗೆಯೆಲ್ಲ ಅರುಂಧತಿ ಯಾರ ಮನೆಗೂ ಹೋಗಲಿಲ್ಲ. ಅದಕ್ಕೆ ಮುಂಚೆ ಹೋದಲ್ಲೆಲ್ಲ ಯಾರಾದರೂ ಟೀ ಕೊಟ್ಟು, ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ತೊಂಬತ್ತಮೂರರ ಫೆಬ್ರವರಿಯಲ್ಲಿ ಯುಗಾದಿ ಸಂಚಿಕೆಯ ಲೇಖನಗಳ ಕಟ್ಟು ಮೆಲ್ಬರ್ನಿನಿಂದ ಬಂತು. ಸಂಪಾದಕತ್ವ ಬಿಡಲು ಭಾಸ್ಕರನಿಗೆ ಯಾರೂ ಹೇಳಿರಲಿಲ್ಲ, ನಮ್ಮವರಿಗೆ ಅಷ್ಟು ಧೈರ್ಯ ಎಲ್ಲಿಯದು. ಅದಾದ ಮೂರು ದಿನಕ್ಕೆ ಇನ್ನೊಂದು ಲಕೋಟೆ ಬಂತು. ಕಳಿಸಿದವರ ಹೆಸರಿಲ್ಲ. ವಿಳಾಸ ಬರೆದದ್ದು ಹೆಂಗಸಿನ ಕೈ, ಹೆದರಿ ಹೆದರಿ ಬರೆದ ಅಕ್ಷರ, ಅಂಚೆಯ ಮುದ್ರೆ ವೆರಿಬೀಯದು. ಒಳಗೆ ಅವಳ ಹದಿನಾರು ಪುಟ. ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಭಾಸ್ಕರನ ಇಂಗ್ಲಿಷ್ ಅನುವಾದ. ಆ ಕೈಬರಹವನ್ನು ಆರು ವರ್ಷದಿಂದ ಬಲ್ಲವಳಿಗೆ ಗುರುತು ಹಿಡಿಯಲು ಕ್ಷಣ ಸಾಕಾಯಿತು. ಕೊನೆಯ ಕಪ್ಪಿನ ಪ್ಯಾರಾದ ಪಕ್ಕ ಅವನು ‘ಇದು ಅದ್ಭುತ’ ಎಂದು ಗೀಚಿದ್ದ.

ಅರುಂಧತಿ ಆ ಎರಡು ಪದವನ್ನು ಬಹಳ ಹೊತ್ತು ನೋಡಿದಳು. ಅಡುಗೆಮನೆ ಮಾತು ಎಂದವನೂ ಇವನೇ. ಅವಳಿಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಹೊಸದಾಗಿ ಹತ್ತಿಕೊಂಡಿತು. ಅದಕ್ಕಿಂತ ಹೆಚ್ಚು ಕಾಡಿದ್ದು ವೆರಿಬೀಯ ಮನೆಯಲ್ಲಿ ಗಂಡನ ಡ್ರಾಯರಿಗೆ ಕೈಹಾಕಿ, ಅಂಚೆ ಕಚೇರಿವರೆಗೆ ನಡೆದು ಹೋದ ಆ ಇನ್ನೊಬ್ಬ ಹೆಂಗಸು. ಲಕೋಟೆಯನ್ನು ಚೂರುಚೂರು ಮಾಡಿ ಕಸಕ್ಕೆ ಹಾಕಿದಳು. ಲಕ್ಷ್ಮೀಶನಿಗೂ ತೋರಿಸಲಿಲ್ಲ.

ಆ ಸಲದ ಓಲೆಯಲ್ಲಿ ಬೇರೆಯವರ ಲೇಖನಗಳನ್ನೆಲ್ಲ ಎಂದಿನಂತೆ ನಕಲು ಮಾಡಿದಳು. ಹದಿನಾರು ಪುಟವನ್ನು ಮಾತ್ರ ಮುಟ್ಟಲಿಲ್ಲ. ಅವಳ ಕಪ್ಪು ಇಂಕು, ಅದರಡಿ ಅವನ ಪೆನ್ಸಿಲು, ಇದ್ದದ್ದು ಇದ್ದ ಹಾಗೆ ಫೋಟೋಕಾಪಿ ಯಂತ್ರದ ಮೇಲಿಟ್ಟಳು. ತಲೆಬರಹ ಹಾಕಲಿಲ್ಲ, ಒಂದು ಮಾತು ಸೇರಿಸಲಿಲ್ಲ. ಟೀಪಾಟಿನ ತಪ್ಪನ್ನೂ ತೆಗೆಯಲಿಲ್ಲ. ನಾನೂರು ಪ್ರತಿ ನಾನೂರು ಮನೆಗೆ ಹೋದವು, ಒಂದು ಪ್ರತಿ ಆ ಇಂಗ್ಲಿಷ್ ಪತ್ರಿಕೆಗೂ ಹೋಯಿತು. ಅದರ ಕಲಾ ಪುಟದಲ್ಲಿ ಭಾಸ್ಕರನ ಹೆಸರು ಮತ್ತೆ ಕಾಣಲಿಲ್ಲ.

ಯುಗಾದಿಯ ಮಾರನೆಯ ದಿನ ಅವನ ಫೋನು ಬಂತು. ಎಲ್ಲಿ ಸಿಕ್ಕಿತು ಇದು, ಯಾರು ಕೊಟ್ಟರು ಎಂದು ಕೇಳಿದ. ದನಿಯಲ್ಲಿ ಉಪನ್ಯಾಸದ ಗತ್ತು ಇರಲಿಲ್ಲ.

“ನೀವೇ ಕಳಿಸಿದ್ರಲ್ಲ ಸರ್,” ಅಂದಳು ಅರುಂಧತಿ. “ಯುಗಾದಿ ಕಟ್ಟಿನ ಮಧ್ಯ ಇತ್ತು.”

“ನಾನಾ?”

“ನೀವೇ. ನಾನು ನಕಲು ಮಾಡೋಳು, ಬಂದಿದ್ದನ್ನ ಹಾಕ್ತೀನಿ.”

ಕಟ್ಟಿನ ಮಧ್ಯವೇ, ಕಟ್ಟಿನ ಮಧ್ಯವೇ ಎಂದು ಅವನು ತನಗೆ ತಾನೇ ಗೊಣಗಿಕೊಂಡ. ಹಿಂದಿನಿಂದ ಭಾಗೀರಥಿಯ ದನಿ, ಏನಾಯ್ತು, ಯಾಕೆ ಹಾಗೆ ನಿಂತುಬಿಟ್ಟಿರಿ ಎಂದು ಕೇಳುತ್ತಿತ್ತು. ಆಕೆಯ ಮೇಲೆ ಅವನಿಗೆ ಅನುಮಾನ ಬಾರದಿರಲಿ ಎಂದು ಅರುಂಧತಿ ಕಾದಳು. ಏನಿಲ್ಲ, ನನ್ನದೇ ತಪ್ಪು ಎಂದು ಹೆಂಡತಿಗೆ ಹೇಳಿ ಭಾಸ್ಕರ ಫೋನಿಟ್ಟ.